ಕಾಲ್ಚೆಂಡಾಟವೆಂಬ ಉದ್ಯೋಗ: ಜರ್ಮನಿಗೆ ಹೋದ ಅಮೆರಿಕದ ಹುಡುಗರ ವಿಚಾರ

ನಮ್ಮ ವಾಚನಾಲಯಕ್ಕೆ ನಿತ್ಯವೂ ಬರುವ ಗೃಹಸ್ಥರೊಬ್ಬರು ಕಳೆದ ತಿಂಗಳು ಓದುತ್ತಿದ್ದ ಪತ್ರಿಕೆಯನ್ನು ಮಡಿಚಿಟ್ಟು ನಮ್ಮ ಮೇಜಿನ ಬಳಿ ಬಂದು ಕುಳಿತರು. ಅಂಬರನಾಥದ ಕಡೆಯ ಕಾರಖಾನೆಯೊಂದರಲ್ಲಿ ಉಗ್ರಾಣದ ಲೆಕ್ಕ ಬರೆಯುವವರು. ಹದಿನಾರು ವರ್ಷದ ಮಗನಿದ್ದಾನೆ. ಹುಡುಗ ಕಾಲ್ಚೆಂಡಾಟದಲ್ಲಿ ಚುರುಕು. ಶಾಲೆಯ ತಂಡದಲ್ಲಿ ನಡುಗಳದಲ್ಲಿ ಆಡುತ್ತಾನೆ. "ಜರ್ಮನಿಯ ಕ್ಲಬ್ಬಿಗೆ ಸೇರಿಸಿಕೊಡುತ್ತೇನೆ ಅಂತ ಒಬ್ಬರು ಬಂದಿದ್ದರು. ನಾಲ್ಕು ಲಕ್ಷ ಕೇಳುತ್ತಾರೆ. ಅಮೆರಿಕದ ಹುಡುಗರೆಲ್ಲ ಹೀಗೇ ಹೋಗುತ್ತಾರಂತೆ. ಪ್ರಾವಿಡೆಂಟ್ ಫಂಡಿನಿಂದ ತೆಗೆಯೋಣವೆಂದಿದ್ದೇನೆ. ನೀವು ಏನಂತೀರಿ?" ಎಂದು ಕೇಳಿದರು.

ಅಂದು ನಮಗೆ ಉತ್ತರ ಹೇಳಲಾಗಲಿಲ್ಲ. ಅಮೆರಿಕದ ಹುಡುಗರು ಜರ್ಮನಿಗೆ ಹೋಗುವುದು ನಿಜವೇ ಹೌದು. ಆದರೆ ಯಾವ ದಾರಿಯಿಂದ ಹೋಗುತ್ತಾರೆ, ಹೋದಮೇಲೆ ಏನಾಗುತ್ತಾರೆ ಎಂಬುದನ್ನು ನಾವು ವಿಚಾರಿಸಿ ನೋಡಿರಲಿಲ್ಲ. ಈಗ ನೋಡಿದ್ದೇವೆ. ಇದೇ ಸಂದೇಹ ಬೇರೆ ಮನೆಗಳಲ್ಲಿಯೂ ಇರಬಹುದಾದ್ದರಿಂದ ತಿಳಿದುದನ್ನು ಇಲ್ಲಿ ಬರೆಯುತ್ತೇವೆ.

ನೆರೂಳಿಗೆ ಬಂದಿದ್ದ ಹುಡುಗರು

ಈ ಕಥೆಯ ಒಂದು ತುದಿ ನಮ್ಮ ಮನೆಬಾಗಿಲಲ್ಲೇ ಇದೆ. ಡೊಂಬಿವಲಿಯಿಂದ ಠಾಣೆಗೆ ಹೋಗಿ, ಅಲ್ಲಿ ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿದು, ಐರೋಳಿ, ಘಣಸೋಲಿ, ತುರ್ಭೆ ದಾಟಿದರೆ ನೆರೂಳು. ಅಲ್ಲಿಯ ಡಿ. ವೈ. ಪಾಟೀಲ ಕ್ರೀಡಾಂಗಣವನ್ನು ನಮ್ಮಲ್ಲಿ ಅನೇಕರು ಕ್ರಿಕೆಟ್ಟಿಗಾಗಿಯೇ ಬಲ್ಲರು. ಆದರೆ 2017ರಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ಕಾಲ್ಚೆಂಡಾಟ ಭಾರತದಲ್ಲಿ ನಡೆದಾಗ, ಕೆಲವು ಪಂದ್ಯಗಳು ಈ ಅಂಗಣಕ್ಕೆ ಬಂದವು. ಆ ವರ್ಷ ಅಕ್ಟೋಬರ್ 12ರ ಸಂಜೆ ಇಲ್ಲಿ ಅಮೆರಿಕದ ಹುಡುಗರು ಕೊಲಂಬಿಯದವರೊಡನೆ ಆಡಿ 3–1ರಿಂದ ಸೋತರು. ಅದೇ ಹೊತ್ತಿನಲ್ಲಿ ದಿಲ್ಲಿಯಲ್ಲಿ ನಮ್ಮ ಹುಡುಗರು ಘಾನಾದ ಎದುರು ಆಡುತ್ತಿದ್ದುದರಿಂದ ದೇಶದ ಕಣ್ಣೆಲ್ಲ ಆ ಕಡೆಗಿತ್ತು.

ನೆರೂಳಿನಲ್ಲಿ ಸೋತ ಆ ತಂಡ ಸಾಮಾನ್ಯದ್ದಲ್ಲ. ಅಕ್ಟೋಬರ್ 6ರಂದು ದಿಲ್ಲಿಯಲ್ಲಿ ಅದು ಭಾರತವನ್ನು 3–0ರಿಂದ ಸೋಲಿಸಿತ್ತು. ಯಾವುದೇ ವಯಸ್ಸಿನ ವಿಶ್ವಕಪ್ಪಿನಲ್ಲಿ ಭಾರತ ಆಡಿದ ಮೊದಲ ಪಂದ್ಯವೇ ಅದು. ಮುಂದೆ ಎಂಟರ ಘಟ್ಟದವರೆಗೂ ಹೋಗಿ ಗೋವೆಯಲ್ಲಿ ಇಂಗ್ಲೆಂಡಿಗೆ ಸೋತು ಆ ಹುಡುಗರು ಮನೆಗೆ ಮರಳಿದರು.

ಮನೆಗೆ ಮರಳಿದರೆಂದೆವು, ಆದರೆ ಬಹಳ ದಿನ ಮನೆಯಲ್ಲಿ ಉಳಿಯಲಿಲ್ಲ. ಆ ತಂಡದ ನಾಲ್ವರಾದರೂ ಒಂದೆರಡು ವರ್ಷಗಳೊಳಗೆ ಜರ್ಮನಿಯ ಕ್ಲಬ್ಬುಗಳಿಗೆ ಸೇರಿದರು. ಮುನ್ನಡೆಯ ಆಟಗಾರ ಜೋಶ್ ಸಾರ್ಜೆಂಟ್ ವೆರ್ಡರ್ ಬ್ರೆಮೆನ್ ಕ್ಲಬ್ಬಿಗೆ ಹೋದ. ಹಿಂಗಾವಲಿನ ಕ್ರಿಸ್ ಗ್ಲಾಸ್ಟರ್ ಹಾನೋವರಿಗೆ ಹೋದ. ನಡುಗಳದವರಿಬ್ಬರಲ್ಲಿ ಟೇಲರ್ ಬೂತ್ ಮ್ಯೂನಿಕ್ ನಗರದ ಹೆಸರಾಂತ ಬಾಯರ್ನ್ ಕ್ಲಬ್ಬಿಗೂ, ಟೆಕ್ಸಾಸಿನ ಬ್ಲೇನ್ ಫೆರ್ರಿ ಗ್ರಾಯ್ಟರ್ ಫ್ಯೂರ್ತ್ ಎಂಬ ಎರಡನೆಯ ದರ್ಜೆಯ ಕ್ಲಬ್ಬಿಗೂ ಹೋದರು. ಈ ನಾಲ್ವರ ದಾರಿ ನೋಡಿದರೆ ನಮ್ಮ ಗೃಹಸ್ಥರ ಪ್ರಶ್ನೆಗೆ ಬಹುಪಾಲು ಉತ್ತರ ಸಿಗುತ್ತದೆ.

ಹದಿನೆಂಟರ ಬಾಗಿಲು

ಮೊದಲು ವಯಸ್ಸಿನ ವಿಚಾರ. ಜಗತ್ತಿನ ಕಾಲ್ಚೆಂಡಾಟವನ್ನೆಲ್ಲ ಆಳುವ ಫಿಫಾ ಸಂಸ್ಥೆಯ ನಿಯಮದಂತೆ, ಹದಿನೆಂಟು ತುಂಬದ ಹುಡುಗನನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ನೋಂದಾಯಿಸಿಕೊಳ್ಳುವಂತಿಲ್ಲ. ಆಟದ ಆಸೆ ತೋರಿಸಿ ಮಕ್ಕಳನ್ನು ಪರದೇಶಕ್ಕೆ ಸಾಗಿಸಿ, ಕೆಲಸಕ್ಕೆ ಬಾರದವರನ್ನು ಬೀದಿಯಲ್ಲಿ ಬಿಟ್ಟುಬಿಡುವ ದಂಧೆಗೆ ತಡೆ ಹಾಕಲು 2001ರಿಂದ ಈ ನಿಯಮವನ್ನು ಬಿಗಿಮಾಡಿದರು.

ನಿಯಮಕ್ಕೆ ಕೆಲವು ವಿನಾಯತಿಗಳುಂಟು. ತಂದೆತಾಯಿಗಳು ಆಟಕ್ಕೆ ಸಂಬಂಧವಿಲ್ಲದ ಬೇರೆ ಕಾರಣಕ್ಕಾಗಿಯೇ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಒಂದು. ಗಡಿಯ ಆಚೆ ಈಚೆ ಹತ್ತಿರದ ಊರುಗಳವರಾದರೆ ಇನ್ನೊಂದು. ಯೂರೋಪಿನ ಒಕ್ಕೂಟದೊಳಗೆ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವುದಾದರೆ ಹದಿನಾರೇ ಸಾಕು. ಆದರೆ ಹುಡುಗನ ಓದು ಮತ್ತು ವಸತಿಯ ಹೊಣೆಯನ್ನು ಕ್ಲಬ್ಬು ಹೊರಬೇಕು.

ಅಮೆರಿಕದವರಲ್ಲಿ ಕೆಲವರು ಈ ಮೂರನೆಯ ಬಾಗಿಲಿನಿಂದ ಒಳಹೊಕ್ಕರು. ಪೆನ್ಸಿಲ್ವೇನಿಯದ ಕ್ರಿಶ್ಚಿಯನ್ ಪುಲಿಸಿಕ್ ಎಂಬವನ ಅಜ್ಜ ಕ್ರೊಯೇಶಿಯ ದೇಶದವನು. ಆ ಸಂಬಂಧದಿಂದ ಮೊಮ್ಮಗನಿಗೆ ಕ್ರೊಯೇಶಿಯದ ಪಾಸ್‌ಪೋರ್ಟು ದೊರೆತು, ಅವನು ಹದಿನಾರರಲ್ಲೇ ಡಾರ್ಟ್ಮುಂಡಿಗೆ ಹೋದ. 2016ರ ಜನವರಿಯಲ್ಲಿ, ಹದಿನೇಳರಲ್ಲಿ, ಮೊದಲ ತಂಡಕ್ಕೆ ಇಳಿದ. 2019ರಲ್ಲಿ ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬು 6 ಕೋಟಿ 40 ಲಕ್ಷ ಯೂರೋ ತೆತ್ತು ಅವನನ್ನು ಕರೆದುಕೊಂಡಿತು. ಪತ್ರಿಕೆಗಳಲ್ಲಿ ಬರುವುದು ಇಂಥವನ ಕಥೆಯೇ. ಅದರಲ್ಲಿ ಅಜ್ಜನ ಪಾತ್ರ ಎಷ್ಟೆಂಬುದನ್ನು ಮಾತ್ರ ದಲ್ಲಾಳಿಗಳು ಹೇಳುವುದಿಲ್ಲ.

ಅಂಥ ಅಜ್ಜನಿಲ್ಲದವರು ಕಾಯಬೇಕು. ಸಾರ್ಜೆಂಟ್ ಬ್ರೆಮೆನ್ನಿನೊಡನೆ 2017ರಲ್ಲೇ ಮಾತು ಮುಗಿಸಿದ್ದರೂ ಹದಿನೆಂಟು ತುಂಬಿದ ಮೇಲೆಯೇ, ಅಂದರೆ 2018ರ ಫೆಬ್ರವರಿಯಲ್ಲಿ, ಕರಾರು ಜಾರಿಗೆ ಬಂತು. ಫೆರ್ರಿ ಹೋದದ್ದೂ ಹದಿನೆಂಟು ತುಂಬಿದ 2018ರಲ್ಲೇ. ಅವನಿಗಿಂತ ಎರಡು ವರ್ಷ ಮೊದಲು ಹೋದ ವೆಸ್ಟನ್ ಮೆಕೆನ್ನಿ ಎಂಬ ನಡುಗಳದ ಆಟಗಾರನದೂ ಹಾಗೆಯೇ.

ನಮ್ಮ ಹುಡುಗರಿಗೆ ಯೂರೋಪಿನ ಪಾಸ್‌ಪೋರ್ಟು ಎಲ್ಲಿಂದ ಬರಬೇಕು? ಹದಿನಾರು ವರ್ಷದವನನ್ನು ಈ ವರ್ಷವೇ ಜರ್ಮನಿಯ ಕ್ಲಬ್ಬಿಗೆ ಸೇರಿಸುತ್ತೇನೆ ಎನ್ನುವವನ ಮಾತು ಈ ಒಂದು ನಿಯಮದ ಮುಂದೆಯೇ ಬಿದ್ದುಹೋಗುತ್ತದೆ.

ಜರ್ಮನಿಯೇ ಏಕೆ?

ಇಂಗ್ಲಿಷ್ ಮಾತನಾಡುವ ಅಮೆರಿಕದ ಹುಡುಗ ಇಂಗ್ಲೆಂಡಿಗೆ ಹೋಗದೆ, ಭಾಷೆ ಬಾರದ ಜರ್ಮನಿಗೆ ಹೋಗುವುದೇಕೆ? ಇದಕ್ಕೆ ಕಾಯಿದೆಯೇ ಮುಖ್ಯ ಕಾರಣ. ಇಂಗ್ಲೆಂಡಿನಲ್ಲಿ ಕೆಲಸದ ಪರವಾನಿಗೆ ಬೇಕಾದರೆ ಪರದೇಶಿ ಆಟಗಾರ ತನ್ನ ರಾಷ್ಟ್ರತಂಡದಲ್ಲಿ ಸಾಕಷ್ಟು ಪಂದ್ಯಗಳನ್ನು ಆಡಿರಬೇಕೆಂಬ ಷರತ್ತು ಬಹುಕಾಲ ಇತ್ತು. ಹದಿನೆಂಟರ ಹುಡುಗನಿಗೆ ಅದೆಲ್ಲಿ ಸಾಧ್ಯ? ಜರ್ಮನಿಯ ಲೀಗಾದರೋ ಯೂರೋಪಿನ ಹೊರಗಿನವರು ಇಷ್ಟೇ ಜನ ಇರಬೇಕೆಂಬ ಮಿತಿಯನ್ನು 2006ರಲ್ಲಿ ತೆಗೆದುಹಾಕಿತು. ಅದರ ಬದಲು, ಪ್ರತಿ ಕ್ಲಬ್ಬಿನ ಪಟ್ಟಿಯಲ್ಲಿ ಕನಿಷ್ಠ 12 ಮಂದಿ ಜರ್ಮನ್ ನಾಗರಿಕರಿರಬೇಕು, ಅಲ್ಲಿಯೇ ತಯಾರಾದ ಆಟಗಾರರು ಇಂತಿಷ್ಟು ಮಂದಿ ಇರಬೇಕು ಎಂಬ ನಿಯಮ ತಂದಿತು. ಹೊರಗಿನವನಿಗೆ ಬಾಗಿಲು ತೆರೆದು, ಮನೆಯವನಿಗೂ ಜಾಗ ಕಾದಿರಿಸಿದ ಕ್ರಮ ಇದು.

ಆದರೂ ಜರ್ಮನಿಯ ಸರ್ಕಾರ ಯಾರನ್ನು ಬೇಕಾದರೂ ಬಿಟ್ಟುಕೊಳ್ಳುವುದಿಲ್ಲ. ಆಟವನ್ನೇ ಉದ್ಯೋಗ ಮಾಡಿಕೊಂಡು ಹೊರದೇಶದಿಂದ ಬರುವವನಿಗೆ ಕ್ಲಬ್ಬು ಕೊಡುವ ಪಗಾರ ಒಂದು ಗೊತ್ತಾದ ಮಟ್ಟಕ್ಕಿಂತ ಕಡಿಮೆ ಇರುವಂತಿಲ್ಲ. ಅಲ್ಲಿ ನೌಕರರ ಪಿಂಚಣಿ ವಂತಿಗೆ ಲೆಕ್ಕ ಹಾಕಲು ಒಂದು ಗರಿಷ್ಠ ಸಂಬಳವನ್ನು ಗೊತ್ತುಮಾಡಿದ್ದಾರೆ. ಆಟಗಾರನ ಸಂಬಳ ಅದರ ಅರ್ಧಕ್ಕಾದರೂ ಮುಟ್ಟಬೇಕು. ಆಟದ ಯೋಗ್ಯತೆಯಿದೆಯೆಂದು ಕ್ರೀಡಾ ಮಂಡಳಿಯೂ ಒಪ್ಪಬೇಕು. ಅಗ್ಗದ ಕೂಲಿಗೆ ಹುಡುಗರನ್ನು ತಂದು ತುಂಬಬಾರದೆಂಬುದು ಇದರ ಉದ್ದೇಶ. ಗುತ್ತಿಗೆ ಕೂಲಿಯ ಕಷ್ಟ ಬಲ್ಲ ನಮ್ಮ ವಾಚಕರಿಗೆ ಇದರ ಬೆಲೆ ಬೇರೆ ಹೇಳಬೇಕಾಗಿಲ್ಲ.

ಎರಡನೆಯ ಕಾರಣ ತರಬೇತಿ. 2000ದ ಯೂರೋಪಿನ ಪಂದ್ಯಾವಳಿಯಲ್ಲಿ ಜರ್ಮನಿ ಒಂದೂ ಪಂದ್ಯ ಗೆಲ್ಲದೆ ಮೊದಲ ಸುತ್ತಿನಲ್ಲೇ ಹೊರಬಿತ್ತು. ಆ ಅವಮಾನದಿಂದ ಎಚ್ಚೆತ್ತು, ಮೇಲಿನ ಎರಡು ದರ್ಜೆಯ ಕ್ಲಬ್ಬುಗಳೆಲ್ಲ ಕಿರಿಯರ ತರಬೇತಿ ಕೇಂದ್ರ ನಡೆಸಲೇಬೇಕು, ಇಲ್ಲವಾದರೆ ಲೀಗಿನಲ್ಲಿ ಆಡಲು ಪರವಾನಿಗೆಯಿಲ್ಲ ಎಂದು ವಿಧಿಸಿದರು. ಈ ಕೇಂದ್ರಗಳು ಊರಿನ ಶಾಲೆಗಳೊಡನೆ ಕೂಡಿ ಕೆಲಸ ಮಾಡುತ್ತವೆ. ಬೆಳಗ್ಗೆ ಆಟವಿದ್ದ ದಿನ ತಪ್ಪಿದ ಪಾಠವನ್ನು ಮಧ್ಯಾಹ್ನ ಹೇಳಿಕೊಡುವ ಏರ್ಪಾಡು ಇರುತ್ತದೆ. 2014ರಲ್ಲಿ ಜರ್ಮನಿ ವಿಶ್ವಕಪ್ ಗೆದ್ದಾಗ ಆ ತಂಡದ ಬಹುಮಂದಿ ಇಂಥ ಕೇಂದ್ರಗಳಲ್ಲಿ ಬೆಳೆದವರು.

ಫ್ಯೂರ್ತ್ ಎಂಬ ಊರು

ಫೆರ್ರಿ ಹೋದ ಊರನ್ನು ನಮ್ಮವರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವುದು ಕಷ್ಟವಲ್ಲ. ಜರ್ಮನಿಯ ಮೊದಲ ಉಗಿಬಂಡಿ 1835ರ ಡಿಸೆಂಬರ್ 7ರಂದು ನ್ಯೂರೆಂಬರ್ಗಿನಿಂದ ಹೊರಟು ಮುಟ್ಟಿದ್ದು ಈ ಫ್ಯೂರ್ತಿಗೆ. ನಮ್ಮ ದೇಶದ ಮೊದಲ ಪ್ರಯಾಣಿಕರ ಗಾಡಿ 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಬಂದ ಹಾಗೆ! ನ್ಯೂರೆಂಬರ್ಗು ದೊಡ್ಡ ನಗರ; ಫ್ಯೂರ್ತು ಅದಕ್ಕೆ ಅಂಟಿಕೊಂಡ ಚಿಕ್ಕ ಊರು. ಜನಸಂಖ್ಯೆ ಒಂದೂಕಾಲು ಲಕ್ಷದ ಆಚೆ ಈಚೆ. ನಮ್ಮ ಕಲ್ಯಾಣ-ಡೊಂಬಿವಲಿಯ ಜನಸಂಖ್ಯೆ 2011ರ ಗಣತಿಯಲ್ಲೇ 12 ಲಕ್ಷ ದಾಟಿತ್ತು. ಆದರೂ ಆ ಪುಟ್ಟ ಊರಿನ ಕ್ಲಬ್ಬು 1903ರಲ್ಲಿ ಹುಟ್ಟಿ, 1914, 1926, 1929ರಲ್ಲಿ ಮೂರು ಸಲ ಇಡೀ ಜರ್ಮನಿಯನ್ನು ಗೆದ್ದದ್ದು. ಮೂರೆಲೆಯ ಸೊಪ್ಪು ಅದರ ಗುರುತು. ಅನಂತರ ಇಳಿಗಾಲ ಬಂದು, 1996ರಲ್ಲಿ ಹಳ್ಳಿಯ ಕ್ಲಬ್ಬೊಂದನ್ನು ಕೂಡಿಕೊಂಡು ಈಗಿನ ಹೆಸರು ಪಡೆಯಿತು.

ಇಂಥ ಕ್ಲಬ್ಬಿಗೆ ಹದಿನೆಂಟರ ಪರದೇಶಿ ಹುಡುಗ ಹೋದ ಕೂಡಲೇ ಮೊದಲ ತಂಡದಲ್ಲಿ ನಿಲ್ಲಿಸುವುದಿಲ್ಲ. ಕ್ಲಬ್ಬುಗಳಿಗೆ ಎರಡನೆಯ ತಂಡವೆಂಬುದೊಂದು ಉಂಟು. ಅದು ಸಾಮಾನ್ಯವಾಗಿ ನಾಲ್ಕನೆಯ ದರ್ಜೆಯ ಪ್ರಾಂತೀಯ ಲೀಗಿನಲ್ಲಿ ಆಡುತ್ತದೆ. ವಾರದ ದಿನಗಳಲ್ಲಿ ಮೊದಲ ತಂಡದೊಡನೆ ಅಭ್ಯಾಸ, ವಾರದ ಕೊನೆಯಲ್ಲಿ ಎರಡನೆಯ ತಂಡದೊಡನೆ ಸಣ್ಣ ಊರುಗಳ ಅಂಗಣದಲ್ಲಿ ಪಂದ್ಯ. ನಮ್ಮ ಕಚೇರಿಗಳಲ್ಲಿ ಉಮೇದುವಾರನಾಗಿ ಸೇರಿ ಖಾಯಂ ಆಗಲು ಕಾದವರಿಗೆ ಆ ಸ್ಥಿತಿ ಗೊತ್ತು.

ನಡುಗಳದವನಿಗೆ ಈ ಕಾಯುವಿಕೆ ಇನ್ನೂ ದೀರ್ಘ. ಸಾರ್ಜೆಂಟ್ 2018ರ ಡಿಸೆಂಬರ್ 7ರಂದು ಮೊದಲ ಸಲ ಲೀಗಿನ ಅಂಗಣಕ್ಕಿಳಿದು, ಕಾಲಿಗೆ (ಅಲ್ಲ, ತಲೆಗೆ) ಬಂದ ಮೊದಲ ಚೆಂಡನ್ನೇ ಗೋಲು ಮಾಡಿದ. ಒಂದೇ ಗಳಿಗೆಯಲ್ಲಿ ಅವನ ಹೆಸರಾಯಿತು. ನಡುಗಳದವನಿಗೆ ಅಂಥ ಗಳಿಗೆ ಬರುವುದು ಅಪರೂಪ. ಹಿಂದಿನವರು ಹಾಫ್‌ಬ್ಯಾಕ್ ಎನ್ನುತ್ತಿದ್ದ ಜಾಗ ಅವನದು. ಹಿಂಗಾವಲಿನವರಿಂದ ಚೆಂಡು ಪಡೆದು, ಯಾರಿಗೆ ಯಾವ ಹೊತ್ತಿನಲ್ಲಿ ಒಪ್ಪಿಸಬೇಕೋ ನೋಡಿ ಒಪ್ಪಿಸಬೇಕು. ಚೆಂಡು ಕಳೆದುಹೋದರೆ ಓಡಿಹೋಗಿ ಅಡ್ಡ ನಿಲ್ಲಬೇಕು. ಕಚೇರಿಯಲ್ಲಿ ಆವಕ-ಜಾವಕ ನೋಡುವ ಕಾರಕೂನನ ಕೆಲಸದಂತೆ ಅದು: ಸರಿಯಾಗಿ ನಡೆದಾಗ ಯಾರ ಕಣ್ಣಿಗೂ ಬೀಳುವುದಿಲ್ಲ, ಒಂದು ಕಾಗದ ತಪ್ಪಿದರೆ ಎಲ್ಲರೂ ಅವನನ್ನೇ ಕೇಳುತ್ತಾರೆ. ಇಂಥ ಜಾಗದಲ್ಲಿ ನಿಲ್ಲುವವನ ಮೇಲೆ ಜೊತೆಯವರಿಗೆ ನಂಬಿಕೆ ಹುಟ್ಟಬೇಕು, ಅದಕ್ಕೆ ಕಾಲ ಬೇಕು.

ಅದಕ್ಕಿಂತ ಹೆಚ್ಚಾಗಿ ಭಾಷೆ ಬೇಕು. "ಹಿಂದೆ ಬಂದ", "ತಿರುಗು", "ಬಿಡು" ಎಂದು ಕೂಗುವವರೂ ಕೂಗಿಸಿಕೊಳ್ಳುವವರೂ ನಡುವಿನವರೇ. ಕೂಗು ಅರ್ಥವಾಗಲು ಅರೆಕ್ಷಣ ತಡವಾದರೆ ಚೆಂಡು ಹೋಯಿತು. ಮೆಕೆನ್ನಿ ಶಾಲ್ಕೆ ಕ್ಲಬ್ಬಿನಲ್ಲಿ ಬೇಗ ಬೇರೂರಿದ್ದಕ್ಕೆ ಒಂದು ಕಾರಣವನ್ನು ಇಲ್ಲಿಯೇ ಹುಡುಕಬಹುದು. ಅವನ ತಂದೆ ಅಮೆರಿಕದ ವಾಯುದಳದವರು. ಜರ್ಮನಿಯ ನೆಲೆಯಲ್ಲಿ ಅವರಿಗೆ ಕೆಲಸವಿದ್ದಾಗ ಮಗ ಮೂರು ವರ್ಷ ಅಲ್ಲಿ ಬೆಳೆದು, ಒಂದು ಹಳ್ಳಿಯ ಕ್ಲಬ್ಬಿನಲ್ಲೇ ಆಟ ಕಲಿತಿದ್ದ. ಹದಿನೆಂಟರಲ್ಲಿ ಹೋದಾಗ ಅವನಿಗೆ ಅದು ಪೂರ್ತಿ ಪರದೇಶವಲ್ಲ. ಶಾಲ್ಕೆಯೂ ಗೆಲ್ಸೆನ್‌ಕಿರ್ಖೆನ್ನಿನ ಕಲ್ಲಿದ್ದಲ ಗಣಿಯವರು ಕಟ್ಟಿದ ಕ್ಲಬ್ಬು. 2017ರ ಮೇ ತಿಂಗಳಲ್ಲಿ ಮೊದಲ ಪಂದ್ಯ ಆಡಿದವನು 2020ರಲ್ಲಿ ಇಟಲಿಯ ಯುವೆಂಟಸ್ ಕ್ಲಬ್ಬಿಗೆ ಹೋದ.

ಫೆರ್ರಿಗೆ ಹಾಗಾಗಲಿಲ್ಲ. ಫ್ಯೂರ್ತಿನ ಮೊದಲ ತಂಡದಲ್ಲಿ ಅವನಿಗೆ ಸ್ಥಿರವಾದ ಜಾಗ ಸಿಗಲಿಲ್ಲ. ಕೆಲವು ವರ್ಷಗಳ ಮೇಲೆ ಅಮೆರಿಕಕ್ಕೆ ಮರಳಿ ಅಲ್ಲಿಯ ಕೆಳದರ್ಜೆಯ ಲೀಗಿನಲ್ಲಿ ಆಡಿದ. ಬೂತನಿಗೂ ಬಾಯರ್ನಿನ ಮೊದಲ ತಂಡದ ಬಾಗಿಲು ತೆರೆಯಲಿಲ್ಲ. ಅವನು ಎರಡನೆಯ ತಂಡದಲ್ಲಿ ಆಡಿ, ಆಸ್ಟ್ರಿಯಕ್ಕೆ ಎರವಲಾಗಿ ಹೋಗಿ, 2022ರಲ್ಲಿ ಹಾಲೆಂಡಿನ ಉಟ್ರೆಕ್ಟ್ ಕ್ಲಬ್ಬಿನಲ್ಲಿ ನೆಲೆ ಕಂಡ. ಒಂದೇ ವಿಶ್ವಕಪ್ ಆಡಿ, ಒಂದೇ ದೇಶಕ್ಕೆ ಹೋದ ನಡುಗಳದ ಇಬ್ಬರ ಕಥೆ ಇದು. ಇವರು ಸೋತವರೆಂದು ನಾವು ಹೇಳುವುದಿಲ್ಲ. ಆದರೆ ಪುಲಿಸಿಕ್ಕನ ಚಿತ್ರ ತೋರಿಸಿ ಹಣ ಕೇಳುವವರು ಇವರ ಚಿತ್ರವನ್ನೂ ಪಕ್ಕದಲ್ಲಿ ಇಡಬೇಕಾಗಿತ್ತು.

ಕರಾರು, ಪಗಾರ, ಖಾಯಂ

ಆಟವೇ ಉದ್ಯೋಗವೆಂದಮೇಲೆ ಉದ್ಯೋಗದ ಷರತ್ತುಗಳನ್ನೂ ನೋಡೋಣ. ಆಟಗಾರನ ಕರಾರು ಫಿಫಾ ನಿಯಮದಂತೆ ಸಾಮಾನ್ಯವಾಗಿ ಐದು ವರ್ಷಕ್ಕಿಂತ ಹೆಚ್ಚಿರುವಂತಿಲ್ಲ. ಹದಿನೆಂಟರೊಳಗಿನವನಿಗೆ ಮೂರೇ ವರ್ಷ. ಅವಧಿ ಮುಗಿದರೆ ಕೆಲಸವೂ ಮುಗಿಯಿತು.

ಇದನ್ನು ಒಬ್ಬ ಆಟಗಾರ ನ್ಯಾಯಾಲಯಕ್ಕೂ ಒಯ್ದ. ಮೈಂಟ್ಸ್ ಕ್ಲಬ್ಬಿನ ಗೋಲುಕಾವಲುಗಾರ ಹೈಂಟ್ಸ್ ಮ್ಯುಲ್ಲರ್, ಬೇರೆ ನೌಕರರಿಗೆ ಇರುವಂತೆ ತನಗೂ ಖಾಯಂ ಹಕ್ಕು ಬೇಕೆಂದು ದಾವೆ ಹೂಡಿದ. ಕೆಳಗಿನ ನ್ಯಾಯಾಲಯ 2015ರಲ್ಲಿ ಅವನ ಕಡೆಗೇ ಹೇಳಿತು. ಆದರೆ 2018ರ ಜನವರಿ 16ರಂದು ಜರ್ಮನಿಯ ಅತ್ಯುಚ್ಚ ಕಾರ್ಮಿಕ ನ್ಯಾಯಾಲಯ, ಈ ಕೆಲಸದ ಸ್ವಭಾವವೇ ಬೇರೆ, ಆಟಗಾರರನ್ನು ಅವಧಿಯ ಕರಾರಿನ ಮೇಲೆ ಇಟ್ಟುಕೊಳ್ಳುವುದು ಸಕ್ರಮ ಎಂದು ತೀರ್ಪಿತ್ತಿತು. ಎಷ್ಟೇ ಪಗಾರವಿರಲಿ, ಈ ಉದ್ಯೋಗದಲ್ಲಿ ಯಾರೂ ಖಾಯಂ ಅಲ್ಲ.

ಇನ್ನೊಂದು ಮಗ್ಗುಲೂ ಉಂಟು. ಕರಾರು ನಡೆಯುವಷ್ಟು ದಿನ ಆಟಗಾರ ಜರ್ಮನಿಯಲ್ಲಿ ಪೂರ್ಣ ಅರ್ಥದ ನೌಕರ. ಗಾಯವಾಗಿ ಮಲಗಿದರೆ ಆರು ವಾರ ಮಾಲಿಕನೇ ಪಗಾರ ಕೊಡಬೇಕು. ಆಮೇಲೆ ಕೆಲಸದಲ್ಲಿ ಆದ ಅಪಘಾತಗಳ ವಿಮಾ ಮಂಡಳಿ ನೋಡಿಕೊಳ್ಳುತ್ತದೆ. ನಮ್ಮ ಇ.ಎಸ್.ಐ. ಬಲ್ಲವರು ಇದನ್ನು ಊಹಿಸಬಹುದು.

ಜರ್ಮನಿಯಲ್ಲಿಯೂ ಈ ಪದ್ಧತಿ ಹಳೆಯದಲ್ಲ. 1954ರಲ್ಲಿ ಮೊದಲ ಸಲ ವಿಶ್ವಕಪ್ ಗೆದ್ದಾಗ ಅವರ ಆಟಗಾರರು ಪೂರ್ಣಾವಧಿಯ ವೃತ್ತಿಗಾರರಾಗಿರಲಿಲ್ಲ. ಆಟದ ಜೊತೆಗೆ ಬೇರೆ ಕಸುಬು ಇಟ್ಟುಕೊಂಡಿದ್ದರು. ಇಡೀ ದೇಶಕ್ಕೆ ಒಂದೇ ಲೀಗು ಎಂದಾದದ್ದು 1963ರಲ್ಲಿ. ಅಂದಿನಿಂದ ಆಟ ಹೆಚ್ಚು ಹೆಚ್ಚಾಗಿ ಪೂರ್ಣಾವಧಿಯ ವೃತ್ತಿಯಾಯಿತು.

ಮುಂಬಯಿಯಲ್ಲಿ ನಮ್ಮ ಹಿರಿಯರು ಕಂಡದ್ದು ಆ ಹಳೆಯ ಪದ್ಧತಿಯನ್ನೇ. ರೇಲ್ವೆ, ಬ್ಯಾಂಕು, ಗಿರಣಿ, ಟಾಟಾ, ಮಫತ್‌ಲಾಲ್, ಏರ್ ಇಂಡಿಯಾ ಮುಂತಾದವು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದ್ದವು. ಮಧ್ಯಾಹ್ನದವರೆಗೆ ಲೆಕ್ಕದ ಪುಸ್ತಕ, ಸಂಜೆ ಕೂಪರೇಜ್ ಮೈದಾನ. ಕಾಲು ಮುರಿದರೂ ಮೇಜು ಉಳಿಯುತ್ತಿತ್ತು. ಬೆಂಗಳೂರಿನಲ್ಲಿ ಎಚ್.ಎ.ಎಲ್., ಐ.ಟಿ.ಐ. ಕಾರಖಾನೆಗಳ ತಂಡಗಳೂ ಇದೇ ಬಗೆಯವು. 1996ರಲ್ಲಿ ರಾಷ್ಟ್ರೀಯ ಲೀಗು ಬಂದ ಮೇಲೆ ಗಾಳಿ ಬದಲಾಯಿತು. ಮುಂಬಯಿಯ ಮಹೀಂದ್ರ ತಂಡ 2006ರಲ್ಲಿ ಆ ಲೀಗನ್ನು ಗೆದ್ದೂ 2010ರಲ್ಲಿ ಮುಚ್ಚಿಹೋಯಿತು. ಈಗಿನ ಹುಡುಗನಿಗೆ ಪಗಾರ ಹೆಚ್ಚು, ಮೇಜು ಇಲ್ಲ.

ನಮ್ಮವರು ಹೋದ ದಾರಿ

ಊರು ಬಿಟ್ಟು ಆಡಹೋಗುವುದು ಕನ್ನಡನಾಡಿಗೆ ಹೊಸದಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಗೆ ಬಂದು ರೋವರ್ಸ್ ಕಪ್ ಗೆದ್ದಿತು. 1891ರಿಂದ ಗೋರಾ ಪಲ್ಟಣಗಳೇ ಒಯ್ಯುತ್ತಿದ್ದ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು. ಬೆಂಗಳೂರಿನ ಅಹಮದ್ ಖಾನರು ಕಲ್ಕತ್ತೆಯ ಈಸ್ಟ್ ಬೆಂಗಾಲಿಗೆ ಹೋಗಿ ಹೆಸರಾದರು. ಅವರ ಹಿಂದೆ, ಬೆಂಗಳೂರಿನವರೇ ಆದ ಮರಿಯಪ್ಪ ಕೆಂಪಯ್ಯನವರು ಕಲ್ಕತ್ತೆಯ ಮೋಹನ್ ಬಾಗಾನ್ ಪರವಾಗಿ ಆಡಿದರು. ಅವರದೂ ನಡುಗಳದ ಜಾಗವೇ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೇರಿ ಇತಿಹಾಸ ಬರೆದಾಗ ಆ ತಂಡದಲ್ಲಿ ಅವರಿದ್ದರು. 1960ರ ರೋಮಿನಲ್ಲಿಯೂ ಇದ್ದರು. ಆಸ್ಟ್ರೇಲಿಯದ ಮೇಲೆ ಮೂರು ಗೋಲು ಹೊಡೆದ ನೆವಿಲ್ ಡಿಸೋಜಾರ ಹೆಸರು ಎಲ್ಲರಿಗೂ ನೆನಪಿದೆ. ನಡುವಿನಲ್ಲಿ ನಿಂತ ಕೆಂಪಯ್ಯನವರನ್ನು ನಾವೇ ಮರೆತಿದ್ದೇವೆ.

ಇತ್ತೀಚಿನ ನಿದರ್ಶನವೂ ಒಂದಿದೆ. 2017ರ ಆ ವಿಶ್ವಕಪ್ಪಿನ ಭಾರತ ತಂಡದಲ್ಲಿ ಬೆಂಗಳೂರಿನ ಸಂಜೀವ್ ಸ್ಟಾಲಿನ್ ಎಂಬ ಹುಡುಗನಿದ್ದ. ತಾಯಿ ಬೀದಿಬದಿಯಲ್ಲಿ ಬಟ್ಟೆ ಮಾರಿ ಸಂಸಾರ ತೂಗಿಸಿದವರೆಂದು ಅಂದಿನ ಪತ್ರಿಕೆಗಳು ಬರೆದಿದ್ದವು. ಕೊಲಂಬಿಯದ ಎದುರು ಅವನು ಮೂಲೆಯಿಂದ ಒದ್ದ ಚೆಂಡನ್ನು ಜೀಕ್ಸನ್ ಸಿಂಗ್ ತಲೆಯಿಂದ ಗೋಲಿಗೆ ಸೇರಿಸಿದ. ವಿಶ್ವಕಪ್ಪೊಂದರಲ್ಲಿ ಭಾರತದ ಮೊದಲ ಗೋಲು ಅದು. ಸಂಜೀವ್ ಆಮೇಲೆ ಪೋರ್ಚುಗಲ್ಲಿಗೆ ಹೋಗಿ, ಸೆರ್ಟಾನೆನ್ಸೆ ಎಂಬ ಸಣ್ಣ ಊರಿನ ಕ್ಲಬ್ಬಿಗೂ ಸೇರಿದ. ಹೆಚ್ಚು ಕಾಲ ಅಲ್ಲಿ ನಿಲ್ಲಲಿಲ್ಲ. 2021ರಲ್ಲಿ ಕೇರಳ ಬ್ಲಾಸ್ಟರ್ಸ್, 2022ರಲ್ಲಿ ನಮ್ಮ ಮುಂಬಯಿ ಸಿಟಿ ತಂಡ ಅವನನ್ನು ಕರೆದುಕೊಂಡವು. ಹೋಗಿ ಬಂದವನಿಗೆ ಇಲ್ಲಿ ಕೆಲಸ ಸಿಕ್ಕಿತು. ಭಾರತದ ಪರ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದ ಸುನಿಲ್ ಛೆತ್ರಿಯವರು ಕೂಡ 2010ರಲ್ಲಿ ಅಮೆರಿಕಕ್ಕೆ, 2012ರಲ್ಲಿ ಪೋರ್ಚುಗಲ್ಲಿಗೆ ಹೋಗಿ, ಮರಳಿ ಬಂದು, ಬೆಂಗಳೂರಿನಲ್ಲೇ ನೆಲೆಯೂರಿದವರು.

ಮರಳಿ ಬರುವುದರಲ್ಲಿ ನಾಚಿಕೆಯೇನೂ ಇಲ್ಲ. ಊರಿನಿಂದ ಟ್ರಂಕು ಹಿಡಿದು ಬಂದ ನಮ್ಮೆಲ್ಲರಿಗೂ ಅದು ತಿಳಿದ ಮಾತು. ಕೇಳಬೇಕಾದದ್ದು, ಮರಳಿ ಬಂದಾಗ ಹುಡುಗನ ಕೈಯಲ್ಲಿ ಏನಿರುತ್ತದೆ ಎಂಬುದು. ಓದು ಮುಗಿದಿದ್ದು, ಒಂದು ಭಾಷೆ ಬಂದಿದ್ದು, ಸಾಲವಿಲ್ಲದಿದ್ದರೆ ಮರಳಿದವನು ಮತ್ತೆ ಏಳಬಲ್ಲ. ಓದು ಅರ್ಧಕ್ಕೆ ನಿಂತು, ತಂದೆಯ ಫಂಡೂ ಕರಗಿದ್ದರೆ, ಆ ಭಾರ ಹುಡುಗನ ಕಾಲಿಗೆ ಆಡುವಾಗಲೇ ತಗಲುತ್ತದೆ.

ಗೃಹಸ್ಥರಿಗೆ ನಮ್ಮ ಉತ್ತರ

ಇಷ್ಟು ತಿಳಿದ ಮೇಲೆ ನಾವು ಅವರಿಗೆ ಹೇಳಿದ್ದನ್ನು ಇತರರ ಉಪಯೋಗಕ್ಕಾಗಿ ಬರೆಯುತ್ತೇವೆ.

ಮೊದಲನೆಯದು, ಹಣ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ನೋಡಿರಿ. ನಿಜವಾದ ವರ್ಗಾವಣೆಯಲ್ಲಿ ಹಣ ಕೊಡುವುದು ಕ್ಲಬ್ಬು, ಪಡೆಯುವುದು ಆಟಗಾರ. ಹನ್ನೆರಡನೆಯ ವರ್ಷದಿಂದ ಅವನನ್ನು ತಿದ್ದಿದ ಕ್ಲಬ್ಬುಗಳಿಗೂ ತರಬೇತಿಯ ಪರಿಹಾರ ಸಲ್ಲಬೇಕೆಂದು ಫಿಫಾ ನಿಯಮವೇ ಇದೆ. ತಂದೆಯ ಜೇಬಿನಿಂದ ಹಣ ಹೊರಡುವುದಾದರೆ ಅದು ಪ್ರವಾಸವಿರಬಹುದು, ಶಿಬಿರವಿರಬಹುದು, ನೌಕರಿಯಂತೂ ಅಲ್ಲ. ಕೊಲ್ಲಿ ದೇಶದ ನೌಕರಿಯೆಂದು ಹಣ ಪಡೆದು ಮರೆಯಾದವರ ಕಥೆ ನಮ್ಮ ಚಾಳುಗಳಿಗೆ ಹೊಸದಲ್ಲ.

ಎರಡನೆಯದು, ಕಾಗದ ಕೇಳಿರಿ. ಕ್ಲಬ್ಬಿನ ಹೆಸರಿನ ಕರಾರು ಎಲ್ಲಿ? ಒಂದು ದೇಶದ ಮಂಡಳಿಯಿಂದ ಇನ್ನೊಂದು ದೇಶದ ಮಂಡಳಿಗೆ ಹೋಗಬೇಕಾದ ವರ್ಗಾವಣೆ ಪತ್ರವಿಲ್ಲದೆ ಯಾರೂ ಪರದೇಶದ ಲೀಗಿನಲ್ಲಿ ಆಡಲಾರರು. ಪ್ರವಾಸದ ವೀಸಾ ಕೆಲಸದ ಪರವಾನಿಗೆಯಲ್ಲ. ಆಟಗಾರರ ದಲ್ಲಾಳಿಗಳಿಗೆ 2023ರಿಂದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪಡೆದ ಫಿಫಾ ಪರವಾನಿಗೆ ಬೇಕು. ಅದನ್ನು ತೋರಿಸಲು ಹಿಂಜರಿಯುವವನಿಗೆ ನಮಸ್ಕಾರ ಹೇಳಿ ಕಳುಹಿಸಿರಿ.

ಮೂರನೆಯದು, ಇರುವ ಎರಡು ವರ್ಷವನ್ನು ಉಪಯೋಗಿಸಿರಿ. ಹುಡುಗ ಹನ್ನೆರಡನೆಯ ತರಗತಿ ಮುಗಿಸಲಿ. ಜರ್ಮನಿಯ ಆಸೆ ನಿಜವಾದರೆ ಕಾಲಾಘೋಡಾದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಭಾಷೆ ಕಲಿಸುತ್ತಾರೆ. ಆಟ ಕೈಕೊಟ್ಟರೂ ಆ ಭಾಷೆ ಅನ್ನ ಕೊಡುತ್ತದೆ. ಒಳ್ಳೆಯ ತರಬೇತಿ ಬೇಕಾದರೆ ನವಿ ಮುಂಬಯಿಯಲ್ಲೇ 2015ರಿಂದ ರಿಲಯನ್ಸ್ ಫೌಂಡೇಶನ್ ಯಂಗ್ ಚಾಂಪ್ಸ್ ಎಂಬ ವಸತಿ ಶಾಲೆ ನಡೆದಿದೆ. ಅಲ್ಲಿ ಆಟದೊಡನೆ ಓದೂ ಇದೆ, ಆಯ್ಕೆಯಾದವರಿಗೆ ವಿದ್ಯಾರ್ಥಿವೇತನವಿದೆ. ಅಲ್ಲಿಗೆ ಆಯ್ಕೆಯಾಗುವುದೇ ಕಷ್ಟ. ಹತ್ತಿರದ ಬಾಗಿಲೇ ಇಷ್ಟು ಕಿರಿದಾಗಿರುವಾಗ ದೂರದ್ದು ಸುಲಭವೆನ್ನುವವನನ್ನು ನಂಬಬೇಕೇ?

ಗೃಹಸ್ಥರು ಎಲ್ಲವನ್ನೂ ಕೇಳಿ, "ಮಗನಿಗೆ ಬೇಡ ಅಂತ ಹೇಳಬೇಕೇ?" ಎಂದರು. ಆಟ ಬೇಡವೆಂದು ಹೇಳಬೇಡಿರಿ, ಹಣ ಕೊಡುವುದಿಲ್ಲವೆಂದು ಮಾತ್ರ ಹೇಳಿರಿ ಎಂದೆವು. ಮುಂದಿನ ಭಾನುವಾರ ಮಗನನ್ನೂ ಕರೆತಂದರು. ಹುಡುಗನ ಮುಖ ಸಪ್ಪಗಿತ್ತು. ಫೆರ್ರಿಯ ಕಥೆ ಹೇಳಿದಾಗ, "ಅವನು ಈಗಲೂ ಆಡುತ್ತಾನೆಯೇ?" ಎಂದೊಂದೇ ಪ್ರಶ್ನೆ ಕೇಳಿದ. ಜರ್ಮನಿಯಿಂದ ಮರಳಿದ ಮೇಲೂ ಆಟ ಬಿಡಲಿಲ್ಲವಪ್ಪಾ ಎಂದೆವು. ಹುಡುಗ ತಲೆಯಾಡಿಸಿದ.

ವಾಚಕರಲ್ಲಿ ಯಾರಿಗಾದರೂ ಇಂಥ ಪತ್ರವೋ ಕರೆಯೋ ಬಂದಿದ್ದರೆ, ಹಣ ಕೊಡುವ ಮುನ್ನ ಆ ಕಾಗದವನ್ನು ವಾಚನಾಲಯಕ್ಕೆ ತಂದು ತೋರಿಸಬೇಕೆಂದು ಅರಿಕೆ. ಭಾನುವಾರ ಬೆಳಗ್ಗೆ ಇಂಗ್ಲಿಷ್ ಕಾಗದಗಳನ್ನು ಓದಿ ಅರ್ಥ ಹೇಳುವವರು ಇಲ್ಲಿರುತ್ತಾರೆ. ಇದಕ್ಕೆ ಶುಲ್ಕವಿಲ್ಲ.